ಬಾಯಲ್ಲಿ ಉಳಿದ ರುಚಿಯನ್ನು ಮತ್ತೆ ಒಲೆಗೆ ತರುವುದು ಹೇಗೆ

ಚಿಕ್ಕಂದಿನಲ್ಲಿ ಉಂಡ ಅಡುಗೆಯೊಂದನ್ನು ಹಾಗೆಯೇ ಮತ್ತೆ ಮಾಡಬೇಕು ಅನ್ನಿಸಿದಾಗ ಹೆಚ್ಚಿನವರು ಮೊದಲು ಸಾಮಾನು ಹುಡುಕಲು ಹೊರಡುತ್ತಾರೆ. ಯಾವುದೋ ಮಸಾಲೆ ಬಿಟ್ಟುಹೋಗಿದೆ, ಅವರು ನಮಗೆ ಹೇಳದೆ ಏನೋ ಹಾಕುತ್ತಿದ್ದಿರಬೇಕು ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಅಂಥ ಗುಟ್ಟಿನ ಸಾಮಾನು ನಾನು ಕಂಡಂತೆ ಬಲು ಅಪರೂಪ. ಮನೆಯಡುಗೆಯ ರುಚಿ ಕೂತಿರುವುದು ಮಾಡುವ ರೀತಿಯಲ್ಲಿ. ಎಷ್ಟು ಹೊತ್ತು ಹುರಿದರು, ಯಾವ ಪಾತ್ರೆ, ಎಷ್ಟು ಉರಿ, ಉಪ್ಪು ಯಾವಾಗ ಬಿತ್ತು, ಇಳಿಸಿದ ಮೇಲೆ ಎಷ್ಟು ಹೊತ್ತು ಮುಚ್ಚಿಟ್ಟರು ಅನ್ನುವುದರಲ್ಲಿ. ಇವನ್ನೆಲ್ಲ ಪತ್ತೆ ಹಚ್ಚಬಹುದು, ಅಳೆಯಬಹುದು, ಬರೆದಿಡಬಹುದು.

ನನ್ನ ಪಾಲಿಗೆ ಆ ಅಡುಗೆ ಅಂದರೆ ನಮ್ಮ ದೊಡ್ಡಮ್ಮ ಮಾಡುತ್ತಿದ್ದ ಒಂದೇ ಪಾತ್ರೆಯ ಊಟ. ಅಕ್ಕಿ, ಬೇಳೆ ಒಟ್ಟಿಗೆ ಮೆತ್ತಗೆ ಬೇಯಿಸಿ, ಮೇಲೆ ಗಾಢ ಕಂದುಬಣ್ಣಕ್ಕೆ ತಿರುಗಿದ ಈರುಳ್ಳಿ ಸುರಿಯುತ್ತಿದ್ದರು. ಹಬ್ಬದ ಅಡುಗೆಯಲ್ಲ, ನೆಂಟರಿಗೆ ಬಡಿಸುವಂಥದ್ದೂ ಅಲ್ಲ. ಎಲ್ಲರೂ ದಣಿದಿದ್ದ ದಿನ ಮಾಡುತ್ತಿದ್ದದ್ದು. ನಿಮ್ಮದು ಬೇರೆ ಏನೋ ಇರುತ್ತದೆ: ಒಂದು ಸೂಪು, ಆಲೂಗಡ್ಡೆಯ ಪಲ್ಯ, ಹಾಲು ಹಾಕಿ ಕಾಯಿಸಿದ ಸಿಹಿ, ಮೊಟ್ಟೆಯದೊಂದು ತಿಂಡಿ. ಅಡುಗೆ ಯಾವುದಾದರೂ ಹುಡುಕುವ ದಾರಿ ಒಂದೇ. ಉದಾಹರಣೆಗೆ ನನ್ನದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಕಾಗದ, ಆಮೇಲೆ ಒಲೆ

ಅಡುಗೆಮನೆಗೆ ಹೋಗುವ ಮುಂಚೆ ಒಂದು ಕಡೆ ಕೂತು ನೆನಪಿನಲ್ಲಿ ಇರುವುದನ್ನೆಲ್ಲ ಬರೆಯಿರಿ. "ತುಂಬ ರುಚಿಯಾಗಿತ್ತು" ಅಂತ ಬರೆದರೆ ಉಪಯೋಗವಿಲ್ಲ. ತಟ್ಟೆಗೆ ಹಾಕಿದಾಗ ಹರಿಯುತ್ತಿತ್ತೋ, ಗುಡ್ಡೆಯಾಗಿ ನಿಲ್ಲುತ್ತಿತ್ತೋ? ಹಲ್ಲಿಗೆ ಏನಾದರೂ ಸಿಗುತ್ತಿತ್ತೋ, ಎಲ್ಲ ಕರಗಿಹೋಗಿತ್ತೋ? ನುಂಗಿದ ಮೇಲೆ ನಾಲಿಗೆಯ ಮೇಲೆ ಉಳಿಯುತ್ತಿದ್ದದ್ದು ಖಾರವೋ, ಸಿಹಿಯೋ, ಎಣ್ಣೆಯ ಜಿಡ್ಡೋ? ಬಿಸಿ ಬಿಸಿ ತಿನ್ನುತ್ತಿದ್ದಿರೋ, ಆರಿದ ಮೇಲೋ? ಜೊತೆಗೆ ನಂಚಿಕೊಳ್ಳಲು ಏನಿತ್ತು? ಈ ಕೊನೆಯ ಪ್ರಶ್ನೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನೆನಪಿನಲ್ಲಿ ಉಳಿದ ಹುಳಿ ಎಷ್ಟೋ ಸಲ ಆ ಅಡುಗೆಯದೇ ಅಲ್ಲ, ಪಕ್ಕದಲ್ಲಿದ್ದ ಉಪ್ಪಿನಕಾಯಿಯದು.

ವಾಸನೆಗೆ ಒಂದು ಪುಟವನ್ನೇ ಬಿಡಿ. ನಾವು ರುಚಿ ಅಂತ ಕರೆಯುವುದರಲ್ಲಿ ದೊಡ್ಡ ಪಾಲು ವಾಸನೆಯದೇ. ಅಗಿಯುವಾಗ ಬಾಯಿಯ ಹಿಂಭಾಗದಿಂದ ಮೂಗಿಗೆ ಏರುವ ಗಾಳಿ ಅದನ್ನು ಹೊತ್ತು ತರುತ್ತದೆ. ಶೀತವಾದಾಗ ಊಟ ಸಪ್ಪೆ ಅನ್ನಿಸುವುದು ಇದರಿಂದಲೇ. ಕಣ್ಣು, ಕಿವಿ, ಚರ್ಮದ ಸುದ್ದಿಯೆಲ್ಲ ಮೆದುಳಿನ ಥಲಾಮಸ್ ಎಂಬ ಭಾಗವನ್ನು ಹಾದು ಮುಂದೆ ಹೋಗುತ್ತದೆ. ವಾಸನೆಗೆ ಆ ಸುತ್ತುದಾರಿ ಇಲ್ಲ. ಭಾವನೆ ಮತ್ತು ನೆನಪನ್ನು ನೋಡಿಕೊಳ್ಳುವ ಭಾಗಗಳಿಗೆ ಅದು ಹತ್ತಿರದಿಂದಲೇ ತಲುಪುತ್ತದೆ. ಯಾರದೋ ಮನೆಯಲ್ಲಿ ಈರುಳ್ಳಿ ಹುರಿಯುವ ವಾಸನೆ ಬಂದರೆ ಮೆಟ್ಟಿಲ ಮೇಲೆ ಕಾಲು ತಾನಾಗಿ ನಿಲ್ಲುತ್ತದಲ್ಲ, ಅದಕ್ಕೆ ಇದೂ ಒಂದು ಕಾರಣ. ಆದ್ದರಿಂದ ನೆನಪಿನ ಅಡುಗೆಯ ಬೆನ್ನು ಹತ್ತಿದವರಿಗೆ ನಾಲಿಗೆಗಿಂತ ಮೂಗು ಒಳ್ಳೆಯ ದಾರಿ ತೋರಿಸುತ್ತದೆ. ಹುರಿದ ವಾಸನೆಯೋ, ಬೆಂದ ವಾಸನೆಯೋ, ಹಸಿ ವಾಸನೆಯೋ, ಹೊಗೆಯೋ, ಸುಟ್ಟದ್ದೋ ಎಂದು ಬೇರೆ ಬೇರೆ ಮಾಡಿ ಬರೆಯಿರಿ. ನಾನು ಬರೆದದ್ದರಲ್ಲಿ "ಸ್ವಲ್ಪ ಸೀದ ವಾಸನೆ, ಆದರೆ ಕಹಿ ಇಲ್ಲ" ಅನ್ನುವ ಸಾಲೇ ಕೊನೆಗೆ ಕೆಲಸಕ್ಕೆ ಬಂದದ್ದು.

ಅಣ್ಣ, ಅಕ್ಕ, ತಂಗಿ ಯಾರಾದರೂ ಅದೇ ಪಂಕ್ತಿಯಲ್ಲಿ ಕೂತು ಉಂಡಿದ್ದರೆ ಅವರ ಹತ್ತಿರವೂ ಬರೆಸಿ. ಒಬ್ಬರದನ್ನು ಇನ್ನೊಬ್ಬರಿಗೆ ಮೊದಲೇ ತೋರಿಸಬೇಡಿ. ಎರಡರಲ್ಲೂ ಬಂದ ಮಾತು ನಂಬಿಕೆಗೆ ಯೋಗ್ಯ.

ಮಾಡಿದವರನ್ನು ಕೇಳುವ ಬಗೆ

ಆ ಅಡುಗೆ ಮಾಡುತ್ತಿದ್ದವರು ಇದ್ದಾರೆ, ಮಾತಾಡುತ್ತಾರೆ ಅಂದರೆ ಅದಕ್ಕಿಂತ ಭಾಗ್ಯ ಇಲ್ಲ. ತಡಮಾಡಬೇಡಿ. ಆದರೆ "ಎಷ್ಟು ಹಾಕ್ತೀರಿ?" ಅಂತ ಮಾತ್ರ ಕೇಳಬೇಡಿ. "ಒಂದಿಷ್ಟು" ಅನ್ನುತ್ತಾರೆ, "ಅಂದಾಜಿಗೆ" ಅನ್ನುತ್ತಾರೆ. ಅವರು ಏನನ್ನೂ ಮುಚ್ಚಿಡುತ್ತಿಲ್ಲ. ಅವರ ಕೈಗೆ ಗೊತ್ತಿರುವುದು ಸಂಖ್ಯೆಯಾಗಿ ಯಾವತ್ತೂ ಇರಲೇ ಇಲ್ಲ.

ಕಣ್ಣಿಗೆ, ಕಿವಿಗೆ ಸಂಬಂಧಪಟ್ಟದ್ದನ್ನು ಕೇಳಿದರೆ ಬಾಯಿ ಬಿಡುತ್ತಾರೆ. "ಈರುಳ್ಳಿ ಯಾವ ಬಣ್ಣಕ್ಕೆ ಬಂದಾಗ ಇಳಿಸ್ತಿದ್ರಿ ದೊಡ್ಡಮ್ಮ?" "ನೀರು ಅಕ್ಕಿಯ ಮೇಲೆ ಬೆರಳಿನ ಎಷ್ಟನೇ ಗೆರೆಗೆ ಬರ್ತಿತ್ತು?" "ಬೆಂದಿದೆ ಅಂತ ಹೇಗೆ ಗೊತ್ತಾಗ್ತಿತ್ತು?" "ಅಷ್ಟರಲ್ಲಿ ಬೇರೆ ಯಾವ ಕೆಲಸ ಮುಗಿಸ್ಕೊಳ್ತಿದ್ರಿ?" ಈ ಕೊನೆಯದು ಬಹಳ ಒಳ್ಳೆಯ ಪ್ರಶ್ನೆ. ಈರುಳ್ಳಿ ಹುರಿಯಲು ಎಷ್ಟು ಹೊತ್ತು ಅಂದರೆ "ಐದು ನಿಮಿಷ" ಅಂದ ದೊಡ್ಡಮ್ಮನೇ, ಆ ಹೊತ್ತಿನಲ್ಲಿ ಪಾತ್ರೆಯೆಲ್ಲ ತೊಳೆದು, ನೆಲ ಒರೆಸಿ, ಬಟ್ಟೆ ಮಡಚಿಡುತ್ತಿದ್ದೆ ಅಂದರು. ಅಷ್ಟು ಕೆಲಸ ಐದು ನಿಮಿಷದಲ್ಲಿ ಆಗುವಂಥದ್ದಲ್ಲ.

ಅವರು ಅಡುಗೆ ಮಾಡುವಾಗ ಪಕ್ಕದಲ್ಲಿ ನಿಲ್ಲುವ ಅವಕಾಶ ಸಿಕ್ಕರೆ ಒಂದು ಸಣ್ಣ ತಕ್ಕಡಿ ಇಟ್ಟುಕೊಳ್ಳಿ, ಗ್ರಾಂ ತೋರಿಸುವಂಥದ್ದು. ಅವರ ಕೈಯಿಂದ ಉಪ್ಪು ಕಸಿದುಕೊಂಡು ತೂಗಬೇಡಿ, ಕೈಯ ಲಯ ಕೆಡುತ್ತದೆ. ಉಪ್ಪಿನ ಡಬ್ಬಿಯನ್ನೇ ಮೊದಲು ತೂಗಿ, ಅವರು ಹಾಕಿದ ಮೇಲೆ ಮತ್ತೆ ತೂಗಿ. ಕಡಿಮೆಯಾದಷ್ಟು ಪಾತ್ರೆಗೆ ಹೋಗಿದೆ. ಎಣ್ಣೆ ಬಾಟಲಿಗೂ ಬೇಳೆ ಡಬ್ಬಿಗೂ ಇದೇ ಉಪಾಯ. ದೊಡ್ಡಮ್ಮ ಉಪ್ಪು ಹಾಕುವುದನ್ನು ನಾನು ಹತ್ತಿರದಿಂದ ನೋಡಿದೆ. ಮೂರು ಬೆರಳು ಕೂಡಿಸಿ ಎತ್ತಿದರು, ಪಾತ್ರೆಯ ಮೇಲೆ ತಂದು ಒಂದು ಗಳಿಗೆ ತಡೆದರು, ಹೆಬ್ಬೆರಳಿಂದ ಒಂದಿಷ್ಟು ಡಬ್ಬಿಗೇ ವಾಪಸು ಉದುರಿಸಿದರು, ಉಳಿದದ್ದನ್ನು ಸುತ್ತಲೂ ಚೆಲ್ಲಿದರು. ಆಮೇಲೆ ಕೈ ಒದರಿ, ಬೆರಳ ತುದಿಗೆ ಅಂಟಿದ್ದನ್ನೂ ಪಾತ್ರೆಗೇ ಕೊಡವಿದರು. ಹೀಗೆ ನಡುನಡುವೆ ಹಾಕಿದ್ದೆಲ್ಲ ಸೇರಿ ಡಬ್ಬಿ ಹಗುರಾದದ್ದು 13 ಗ್ರಾಂ. ಆ ಕೈ ಎಷ್ಟು ಲೆಕ್ಕಾಚಾರದ ಕೈ ಅಂತ ಆವತ್ತು ನನಗೆ ತಿಳಿಯಿತು.

ಒಂದು ಎಚ್ಚರಿಕೆ. ವಯಸ್ಸಾದಂತೆ ವಾಸನೆ ಹಿಡಿಯುವ ಶಕ್ತಿ ಕುಗ್ಗುತ್ತದೆ, ರುಚಿಯೂ ಮಂಕಾಗುತ್ತದೆ. ಹಾಗಾಗಿ ಇವತ್ತು ಅವರು ಹಾಕುವ ಉಪ್ಪು, ಖಾರ ಅಂದಿನಷ್ಟೇ ಇರಬೇಕೆಂದಿಲ್ಲ, ಜಾಸ್ತಿ ಇರಬಹುದು. ವೈದ್ಯರು ಹೇಳಿದ್ದರಿಂದ ಕಡಿಮೆ ಮಾಡಿಕೊಂಡಿರಲೂಬಹುದು. ಕೇಳಿ ತಿಳಿದುಕೊಳ್ಳಿ.

ಅವರು ಈಗ ಇಲ್ಲದಿದ್ದರೆ ಅವರ ಪಾತ್ರೆ, ಸೌಟು, ಅಳತೆಯ ಲೋಟ ಯಾರ ಬಳಿ ಇದೆ ಅಂತ ವಿಚಾರಿಸಿ. ಆ ಲೋಟಕ್ಕೆ ನೀರು ತುಂಬಿ ಎಷ್ಟು ಮಿಲಿಲೀಟರ್ ಹಿಡಿಯುತ್ತದೆ ಅಂತ ನೋಡಿದರೆ ಅರ್ಧ ಲೆಕ್ಕ ಸಿಕ್ಕಂತೆ. ಪುಸ್ತಕಗಳ ಕಪ್ಪು 240 ಅಥವಾ 250 ಮಿಲಿ. ಮನೆಯ ಲೋಟ 150 ಇದ್ದೀತು, 300 ಇದ್ದೀತು. "ಒಂದು ಲೋಟ" ಅನ್ನುವ ಮಾತನ್ನು ಆ ಲೋಟ ನೋಡದೆ ನಂಬಬೇಡಿ.

ಪಾತ್ರೆ, ಉರಿ, ನೀರು

ಈ ಮೂರನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅವರಿಗೆ ಅದು ಹೇಳುವಂಥ ಸಂಗತಿ ಅನ್ನಿಸಿರುವುದೇ ಇಲ್ಲ. ರುಚಿ ಕೈತಪ್ಪುವುದು ಹೆಚ್ಚಾಗಿ ಇಲ್ಲೇ.

ತೆರೆದ ಪಾತ್ರೆಯಲ್ಲಿ ಬೇಯಿಸುತ್ತಿದ್ದ ಅಡುಗೆಯನ್ನು ಕುಕ್ಕರಿನಲ್ಲಿ ಮಾಡಿದರೆ ಅದು ಬೇರೆಯದೇ ಅಡುಗೆ. ಸಮುದ್ರ ಮಟ್ಟದಲ್ಲಿ ನೀರು ಕುದಿಯುವುದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕುಕ್ಕರಿನೊಳಗೆ ಶಾಖ ಸುಮಾರು 120ಕ್ಕೆ ಏರುತ್ತದೆ. ಬೇಳೆ ಬೇಗ ಒಡೆದು ಹಿಟ್ಟಾಗುತ್ತದೆ, ನೀರು ಆವಿಯಾಗಿ ಇಂಗುವುದಿಲ್ಲ. ನಿಧಾನವಾಗಿ ಬತ್ತಿದ ಸಾರಕ್ಕೆ ಬರುವ ಗಟ್ಟಿತನ ಬೇರೆ, ಒತ್ತಡದಲ್ಲಿ ಬೆಂದದ್ದರ ಮೆತ್ತನೆ ಬೇರೆ. ಎತ್ತರದ ಜಾಗದಲ್ಲಿ ಬೆಳೆದು ಈಗ ತಗ್ಗಿನಲ್ಲಿ ಇದ್ದೀರೋ, ತಗ್ಗಿನಿಂದ ಎತ್ತರಕ್ಕೆ ಹೋಗಿದ್ದೀರೋ, ಅದನ್ನೂ ಲೆಕ್ಕಕ್ಕೆ ತನ್ನಿ. ಸುಮಾರು 300 ಮೀಟರ್ ಏರಿದರೆ ಕುದಿಯುವ ಬಿಂದು 1 ಡಿಗ್ರಿ ಇಳಿಯುತ್ತದೆ. 1,500 ಮೀಟರಿನಲ್ಲಿ ನೀರು 95 ಡಿಗ್ರಿಗೇ ಕುದಿಯುತ್ತದೆ, ಬೇಳೆ ಬೇಯಲು ಅಷ್ಟೂ ಹೆಚ್ಚು ಹೊತ್ತು ಬೇಕು.

ನೀರು ಗಡಸಾಗಿದ್ದರೆ ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಾಳಿನ ಸಿಪ್ಪೆಯನ್ನು ಬಿಗಿಯಾಗಿ ಹಿಡಿದಿಡುತ್ತವೆ. ಎಷ್ಟು ಕುದಿಸಿದರೂ ಕಾಳು ಒಳಗೆ ಗಟ್ಟಿ. ಹುಳಿ ಬಿದ್ದರೂ ಇದೇ ಗತಿ. ಟೊಮೆಟೊ, ನಿಂಬೆ, ಹುಣಸೆ ಯಾವುದೇ ಆಗಲಿ, ಕಾಳು ಪೂರ್ತಿ ಮೆತ್ತಗಾದ ಮೇಲೆಯೇ ಹಾಕಬೇಕು. ಉಪ್ಪಿನ ವಿಷಯದಲ್ಲಿ ಮಾತ್ರ ಜನ ಹೆದರುವಷ್ಟು ಹೆದರಬೇಕಿಲ್ಲ. ನೆನೆಸುವ ನೀರಿಗೆ ಸ್ವಲ್ಪ ಉಪ್ಪು ಹಾಕಿದರೆ ಸಿಪ್ಪೆ ಮೃದುವೇ ಆಗುತ್ತದೆ.

ಪಾತ್ರೆಯ ತಳ ತೆಳುವೋ ದಪ್ಪವೋ ನೋಡಿ. ತೆಳು ತಳದ ಪಾತ್ರೆ ಒಂದೆರಡು ಕಡೆ ಬೇಗ ಕಾದು ಅಡುಗೆ ತಳ ಹಿಡಿಯುತ್ತದೆ. ನೆನಪಿನ ರುಚಿಯಲ್ಲಿ ಆ ತಳ ಹಿಡಿದದ್ದೂ ಒಂದು ಪಾಲು ಇದ್ದೀತು. ಮಕ್ಕಳೆಲ್ಲ ಕೆರೆದು ತಿನ್ನುತ್ತಿದ್ದ ಆ ಕಂದು ಪದರ ನೆನಪಿದೆಯೇ? ಹಾಗಿದ್ದರೆ ಅಂಟದ ಹೊಸ ಬಾಣಲೆಯಲ್ಲಿ ಅದು ಎಂದೂ ಬರುವುದಿಲ್ಲ. ಕಬ್ಬಿಣದ ಬಾಣಲೆ ಬಳಸುತ್ತಿದ್ದರೆ, ಹುಳಿ ಪದಾರ್ಥಕ್ಕೆ ಕಬ್ಬಿಣ ಬಿಟ್ಟುಕೊಂಡು ಬಣ್ಣ ಕಪ್ಪಾಗುತ್ತದೆ, ರುಚಿಗೂ ಒಂದು ಲೋಹದ ಛಾಯೆ ಬರುತ್ತದೆ. ಸೌದೆ ಒಲೆಯಾಗಿದ್ದರೆ ತೆರೆದ ಪಾತ್ರೆಗೆ ಹೊಗೆ ಇಳಿದಿರುತ್ತದೆ. ಗ್ಯಾಸ್ ಒಲೆಯಲ್ಲಿ ಅದಕ್ಕೆ ಹತ್ತಿರ ಹೋಗಬೇಕೆಂದರೆ ಒಂದು ಈರುಳ್ಳಿಯನ್ನು ಅಡ್ಡಕ್ಕೆ ಎರಡು ಹೋಳು ಮಾಡಿ, ಕತ್ತರಿಸಿದ ಕಡೆಯನ್ನು ನೇರ ಉರಿಗೆ ಹಿಡಿದು ಮೇಲ್ಮೈ ಕಪ್ಪಾಗುವವರೆಗೆ ಸುಟ್ಟು, ಬೇಯುವ ಪಾತ್ರೆಗೆ ಹಾಕಿ. ಕೊನೆಗೆ ತೆಗೆದುಬಿಡಿ. ಹೊಗೆಯಷ್ಟೇ ಆಗುವುದಿಲ್ಲ, ಆದರೂ ಮೂಗು ಒಪ್ಪಿಕೊಳ್ಳುತ್ತದೆ.

ಈಗ ಒಲೆ ಹಚ್ಚೋಣ

ನಾಲ್ಕು ಜನಕ್ಕೆ ಆಗುವಷ್ಟು ಹೇಳುತ್ತೇನೆ. ಅಕ್ಕಿ 200 ಗ್ರಾಂ, ಮಸೂರ್ ಬೇಳೆ 100 ಗ್ರಾಂ, ದೊಡ್ಡ ಈರುಳ್ಳಿ ಮೂರು (ಸುಲಿದ ಮೇಲೆ ಸುಮಾರು ಅರ್ಧ ಕಿಲೋ), ಎಣ್ಣೆ ಅಥವಾ ಬೆಣ್ಣೆ ನಾಲ್ಕು ದೊಡ್ಡ ಚಮಚ ಅಂದರೆ 60 ಮಿಲಿ, ಬೆಳ್ಳುಳ್ಳಿ ನಾಲ್ಕು ಎಸಳು, ಕರಿಮೆಣಸು, ಉಪ್ಪು, ಕೊನೆಗೆ ಒಂದು ನಿಂಬೆಹಣ್ಣು. ಇಷ್ಟೇ.

ಮೊದಲು ಈರುಳ್ಳಿ. ಇದರಲ್ಲಿ ಅವಸರ ಮಾಡಿದರೆ ಉಳಿದದ್ದೆಲ್ಲ ಸರಿಯಾಗಿದ್ದೂ ಅಡುಗೆ ಸಪ್ಪೆ. ಎಲ್ಲವನ್ನೂ ಒಂದೇ ದಪ್ಪಕ್ಕೆ, 3 ಮಿಲಿಮೀಟರಿನಷ್ಟು, ಉದ್ದುದ್ದ ಹೆಚ್ಚಿ. ಅಗಲವಾದ ದಪ್ಪ ತಳದ ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಈರುಳ್ಳಿ ಹಾಕಿ ಒಂದು ಚಿಟಿಕೆ ಉಪ್ಪು ಉದುರಿಸಿ. ಉಪ್ಪು ನೀರನ್ನು ಹೊರಗೆಳೆಯುತ್ತದೆ. ಈರುಳ್ಳಿಯಲ್ಲಿ ನೂರಕ್ಕೆ ಸುಮಾರು 89 ಪಾಲು ನೀರೇ, ಅದೆಲ್ಲ ಹೋಗುವ ತನಕ ಬಾಣಲೆಯೊಳಗಿನ ಶಾಖ 100 ಡಿಗ್ರಿ ದಾಟುವುದೇ ಇಲ್ಲ. ಆದರೆ ಕಂದುಬಣ್ಣ ಚೆನ್ನಾಗಿ ಹಿಡಿಯಲು 140 ಡಿಗ್ರಿಯ ಹತ್ತಿರ ಬೇಕು. ಸಕ್ಕರೆಯೂ ಅಮೈನೋ ಆಮ್ಲವೂ ಕೂಡಿ ಈ ಬಣ್ಣ, ಈ ಪರಿಮಳ ಕಟ್ಟುವ ಬಗೆಯನ್ನು ಲೂಯಿ ಕಮೀಲ್ ಮೈಯಾರ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ 1912ರಲ್ಲಿ ವಿವರಿಸಿದರು. ಅಂದರೆ ಮೊದಲ ಹದಿನೈದು ನಿಮಿಷ ನೀವು ಹುರಿಯುತ್ತಿಲ್ಲ, ನೀರು ಹೊರಗೆ ಹಾಕುತ್ತಿದ್ದೀರಿ, ಅಷ್ಟೇ.

ಕಿವಿ ಕೊಡಿ. ಆರಂಭದಲ್ಲಿ ಸದ್ದು ಒದ್ದೆ ಒದ್ದೆಯಾಗಿ, ದಟ್ಟವಾಗಿ ಇರುತ್ತದೆ. ಹಬೆ ಮುಖಕ್ಕೆ ಬಡಿಯುತ್ತದೆ, ವಾಸನೆ ಹಸಿ ಘಾಟು. ಎಸಳು ಬಾಡಿ ಗಾಜಿನ ಹಾಗೆ ಪಾರದರ್ಶಕವಾಗುತ್ತದೆ, ರಾಶಿ ಅರ್ಧಕ್ಕೆ ಇಳಿಯುತ್ತದೆ. ಆಮೇಲೆ ಸದ್ದು ಸಣ್ಣದಾಗುತ್ತಾ ಬಂದು ಚಿಟಪಟ ಅನ್ನಲು ಶುರುವಾಗುತ್ತದೆ. ಉರಿ ಸಣ್ಣ ಮಾಡಬೇಕಾದದ್ದು ಆಗಲೇ. ಈ ಹೊತ್ತಿಗೆ ಎಸಳಿನ ಅಂಚು ಬಂಗಾರದ ಬಣ್ಣ ತಾಳುತ್ತದೆ, ಘಾಟು ಹೋಗಿ ಸಿಹಿ ವಾಸನೆ ಏಳುತ್ತದೆ. ಹಲವರು ಇಲ್ಲಿಗೇ ಇಳಿಸುತ್ತಾರೆ. ದೊಡ್ಡಮ್ಮ ಇಳಿಸುತ್ತಿರಲಿಲ್ಲ. ಇನ್ನೂ ಹದಿನೈದು ಇಪ್ಪತ್ತು ನಿಮಿಷ ಸಣ್ಣ ಉರಿಯಲ್ಲಿ, ಒಂದೆರಡು ನಿಮಿಷಕ್ಕೊಮ್ಮೆ ಮಗುಚುತ್ತಾ ಹೋದರೆ ರಾಶಿ ಕಾಲು ಭಾಗಕ್ಕೆ ಕುಗ್ಗಿ, ಬೆಲ್ಲದ ಬಣ್ಣಕ್ಕೆ, ಅಲ್ಲಿಂದ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಬಾಣಲೆಯ ತಳದಲ್ಲಿ ಕಂದು ಕರೆ ಕಟ್ಟಿದಾಗಲೆಲ್ಲ ಒಂದು ಚಮಚ ನೀರು ಚಿಮುಕಿಸಿ ಸೌಟಿನಿಂದ ಕೆರೆಯಿರಿ, ಕರೆ ಕರಗಿ ಈರುಳ್ಳಿಗೇ ಮೆತ್ತುತ್ತದೆ. ನನ್ನ ಕಾಗದದಲ್ಲಿದ್ದ "ಸೀದ ವಾಸನೆ, ಕಹಿ ಇಲ್ಲ" ಅನ್ನುವುದು ಈ ಕರೆಯದೇ ಆಗಿತ್ತು.

ಕೊನೆಯ ಎರಡು ಮೂರು ನಿಮಿಷ ಬಾಣಲೆ ಬಿಟ್ಟು ಅಲ್ಲಾಡಬೇಡಿ. ಕಂದಿನಿಂದ ಕಪ್ಪಿಗೆ ದಾಟುವುದು ಬಹಳ ಬೇಗ, ಕಪ್ಪಾದರೆ ಕಹಿ. ಬೇಕಾದ ಬಣ್ಣಕ್ಕಿಂತ ಒಂದು ಛಾಯೆ ಮೊದಲೇ ಒಲೆ ಆರಿಸಿ, ಬಾಣಲೆಯ ಬಿಸಿಗೇ ಉಳಿದದ್ದು ಆಗುತ್ತದೆ. ಒಟ್ಟು ನಲವತ್ತು ನಿಮಿಷ ಹಿಡಿಯುತ್ತದೆ ಅಂತಲೇ ಲೆಕ್ಕ ಇಟ್ಟುಕೊಳ್ಳಿ. ಚಿಟಿಕೆ ಅಡುಗೆ ಸೋಡ ಹಾಕಿದರೆ ಬಣ್ಣ ಬೇಗ ಬರುವುದು ನಿಜ, ಆದರೆ ಎಸಳೆಲ್ಲ ಕರಗಿ ಲೋಳೆಯಾಗುತ್ತದೆ. ಸಕ್ಕರೆ ಹಾಕಿದರೆ ಬರುವುದು ಸಕ್ಕರೆಯ ಸಿಹಿ, ಈರುಳ್ಳಿಯದಲ್ಲ. ನಾನು ಎರಡನ್ನೂ ಒಪ್ಪುವುದಿಲ್ಲ. ಈ ನಲವತ್ತು ನಿಮಿಷವನ್ನು ಕಳೆಯಬೇಕಾದ ಹೊತ್ತು ಅಂದುಕೊಳ್ಳದೆ, ಒಲೆಯ ಹತ್ತಿರ ಸ್ಟೂಲು ಹಾಕಿಕೊಂಡು ಕೂತು ನೋಡಿ. ಮನೆಯೆಲ್ಲ ಆ ವಾಸನೆ ಹರಡಿ, ಒಬ್ಬೊಬ್ಬರೇ ಅಡುಗೆಮನೆಗೆ ಬಂದು ಇಣುಕುತ್ತಾರೆ. ಮನೆಯಲ್ಲಿ ಅಡುಗೆ ಮಾಡುವ ಸುಖದಲ್ಲಿ ಅರ್ಧ ಇದರಲ್ಲೇ ಇದೆ ಅನ್ನುತ್ತೇನೆ ನಾನು.

ಇತ್ತ ಈರುಳ್ಳಿ ಆಗುತ್ತಿರುವಾಗಲೇ ಅತ್ತ ಅಕ್ಕಿ ಬೇಳೆ ತೊಳೆದು, 1.2 ಲೀಟರ್ ನೀರಿಗೆ ಹಾಕಿ ತೆರೆದ ಪಾತ್ರೆಯಲ್ಲಿ ಇಡಿ. ಕುದಿ ಬಂದಾಗ ನೊರೆ ಉಕ್ಕುತ್ತದೆ, ಅದನ್ನು ತೆಗೆದು ಉರಿ ತಗ್ಗಿಸಿ. ಬೆಳ್ಳುಳ್ಳಿಯನ್ನು ಜಜ್ಜದೆ ಇಡೀ ಎಸಳಾಗಿಯೇ ಹಾಕಿ. ಬೆಳ್ಳುಳ್ಳಿಯ ಘಾಟು ಹುಟ್ಟುವುದು ಜಜ್ಜಿದಾಗ, ಕತ್ತರಿಸಿದಾಗ. ಇಡಿಯಾಗಿ ಬೆಂದದ್ದು ಸೌಮ್ಯವಾಗಿ, ಸಿಹಿಯಾಗಿ ಕರಗುತ್ತದೆ. ಉಪ್ಪು ಈಗ 10 ಗ್ರಾಂ ಮಾತ್ರ. ಪುಡಿ ಉಪ್ಪಾದರೆ ಒಂದು ಸಣ್ಣ ಚಮಚಕ್ಕೆ ಸುಮಾರು 6 ಗ್ರಾಂ ಬರುತ್ತದೆ, ಹರಳುಪ್ಪು ಅದೇ ಚಮಚದಲ್ಲಿ ಅದಕ್ಕಿಂತ ಕಡಿಮೆ ತೂಗುತ್ತದೆ. ಹಳೆಯ ಅಳತೆಯನ್ನು ಹೊಸ ಉಪ್ಪಿನಲ್ಲಿ ಅನುಸರಿಸಿ ಉಪ್ಪು ಕಟುವಾಯಿತು ಅನ್ನುವವರು ಇದನ್ನು ಗಮನಿಸಬೇಕು. ಪಕ್ಕದಲ್ಲಿ ಬಿಸಿನೀರು ಇರಲಿ, ಗಟ್ಟಿಯಾದಂತೆ ಒಂದೊಂದು ಸೌಟು ಸೇರಿಸಿ. ತಣ್ಣೀರು ಸುರಿದರೆ ಕುದಿ ನಿಂತುಹೋಗುತ್ತದೆ. ಅಕ್ಕಿಯ ಅಗುಳು ಸೌಟಿನ ಬೆನ್ನಿಗೆ ಒತ್ತಿದರೆ ಕರಗುವಂತಾಗಬೇಕು, ಮೂವತ್ತು ನಿಮಿಷದ ಆಸುಪಾಸು. ಹೊಸ ಅಕ್ಕಿ ಬೇಗ ಅಂಟಂಟಾಗುತ್ತದೆ, ಹಳೆಯ ಅಕ್ಕಿ ನೀರು ಜಾಸ್ತಿ ಕುಡಿಯುತ್ತದೆ.

ಮುಕ್ಕಾಲು ಪಾಲು ಈರುಳ್ಳಿಯನ್ನು ಪಾತ್ರೆಯೊಳಗೆ ಬೆರೆಸಿ, ಉಳಿದದ್ದು ಮೇಲಕ್ಕೆ. ಬಾಣಲೆಗೆ ಒಂದು ಸೌಟು ಗಂಜಿ ಹಾಕಿ ತಿರುವಿ, ಅದನ್ನೂ ಪಾತ್ರೆಗೇ ಸುರಿದುಬಿಡಿ, ಒಂದು ತೊಟ್ಟೂ ಬಾಣಲೆಯಲ್ಲಿ ಉಳಿಯಬಾರದು. ಮೆಣಸನ್ನು ಆಗತಾನೇ ಕುಟ್ಟಿ ಹಾಕಿ. ಮುಚ್ಚಿ ಹತ್ತು ನಿಮಿಷ ಬಿಡಿ. ಈ ಹತ್ತು ನಿಮಿಷದಲ್ಲಿ ಅಕ್ಕಿಯ ಪಿಷ್ಟ ಬಿಗಿಗೊಂಡು ನೀರೂ ಅಗುಳೂ ಒಂದಾಗುತ್ತವೆ. ನಿಂಬೆರಸ ತಟ್ಟೆಗೆ ಹಾಕಿಕೊಂಡ ಮೇಲೆ.

"ಹತ್ತಿರ ಬಂದಿದೆ, ಆದರೆ ಅದಲ್ಲ"

ಈ ಮಾತು ಬಂದೇ ಬರುತ್ತದೆ, ಎದೆಗುಂದಬೇಡಿ. ಇಡೀ ಪಾತ್ರೆಗೆ ಏನೇನೋ ಸುರಿಯಲೂ ಹೋಗಬೇಡಿ. ಐದಾರು ಸಣ್ಣ ಬಟ್ಟಲು ತೆಗೆದುಕೊಂಡು ಎರಡೆರಡು ಚಮಚ ಅಡುಗೆ ಹಾಕಿ. ಒಂದನ್ನು ಹಾಗೇ ಬಿಡಿ. ಇನ್ನೊಂದಕ್ಕೆ ನಾಲ್ಕು ಹರಳು ಉಪ್ಪು, ಮತ್ತೊಂದಕ್ಕೆ ಎರಡು ಹನಿ ನಿಂಬೆ, ಇನ್ನೊಂದಕ್ಕೆ ಅರ್ಧ ಚಮಚ ಬೆಣ್ಣೆ, ಮುಂದಿನದಕ್ಕೆ ಚಿಟಿಕೆ ಸಕ್ಕರೆ. ಉಣ್ಣುವಷ್ಟು ಬಿಸಿಗೆ ಆರಿದ ಮೇಲೆ, ನಡುವೆ ನೀರು ಕುಡಿಯುತ್ತಾ ಒಂದೊಂದನ್ನೇ ಬಾಯಿಗೆ ಹಾಕಿ. ಯಾವ ಬಟ್ಟಲಿನಲ್ಲಿ ಮನಸ್ಸು ಥಟ್ಟನೆ "ಹಾಂ" ಅಂದಿತೋ ಅಲ್ಲಿದೆ ನೀವು ಹುಡುಕುತ್ತಿದ್ದದ್ದು. ಬಹಳ ಸಲ ಅದು ಉಪ್ಪಿನ ಬಟ್ಟಲೇ ಆಗಿರುತ್ತದೆ. ಉಪ್ಪು ಕಹಿಯನ್ನು ಅಡಗಿಸುತ್ತದೆ, ಆಗ ಸಿಹಿ ತಾನಾಗಿ ಮುಂದೆ ಬರುತ್ತದೆ.

ಉಪ್ಪು ಹುಳಿ ಎಲ್ಲ ಸರಿಯಿದ್ದೂ ರುಚಿಗೆ ತಳ ಇಲ್ಲ ಅನ್ನಿಸಿದರೆ, ಕೊರತೆ ಇರುವುದು ಗ್ಲುಟಮೇಟಿನದು, ಅಂದರೆ ಅಡುಗೆಗೆ ಆಳವಾದ, ತುಂಬಿದ ರುಚಿ ಕೊಡುವ ವಸ್ತುವಿನದು. ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನೆ ಇಕೆದಾ 1908ರಲ್ಲಿ ಕಡಲಪಾಚಿಯ ಸಾರಿನಲ್ಲಿ ಅದನ್ನು ಗುರುತಿಸಿ, ಅದರ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಅದಕ್ಕಾಗಿ ಅಂಗಡಿಯ ಪೊಟ್ಟಣವೇ ಬೇಕೆಂದಿಲ್ಲ. ಚೆನ್ನಾಗಿ ಹಣ್ಣಾದ ಟೊಮೆಟೊವನ್ನು ಎಣ್ಣೆ ಬಿಡುವವರೆಗೆ ಹುರಿದರೆ, ಒಣ ಅಣಬೆ ನೆನೆಸಿದ ನೀರು ಸೇರಿಸಿದರೆ, ಅದು ಧಾರಾಳವಾಗಿ ಸಿಗುತ್ತದೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಬರೆಯಿರಿ. ಉರಿ, ಪಾತ್ರೆ, ಅಕ್ಕಿ ಮೂರನ್ನೂ ಒಟ್ಟಿಗೆ ಬದಲಿಸಿದರೆ ಚೆನ್ನಾಗಿ ಬಂದಾಗಲೂ ಯಾಕೆ ಬಂತು ಅಂತ ತಿಳಿಯುವುದಿಲ್ಲ.

ಸಾಮಾನೇ ಸಿಗದ ಕಡೆ ಇದ್ದರೆ ಹೆಸರಿಗೆ ಹೆಸರು ಹುಡುಕದೆ, ಆ ಸಾಮಾನು ಅಲ್ಲಿ ಮಾಡುತ್ತಿದ್ದ ಕೆಲಸ ಏನು ಅಂತ ನೋಡಿ. ಹುಳಿ ಕೊಡುತ್ತಿತ್ತೋ, ಗಟ್ಟಿ ಮಾಡುತ್ತಿತ್ತೋ, ಜಿಡ್ಡು ತರುತ್ತಿತ್ತೋ? ಆ ಕೆಲಸ ಮಾಡಬಲ್ಲ ಬೇರೊಂದು ಎಲ್ಲಿದ್ದರೂ ಸಿಗುತ್ತದೆ. ಮಸಾಲೆಯನ್ನು ಮಾತ್ರ ಇಡಿಯಾಗಿ ಕೊಂಡು ಬೇಕಾದಾಗ ಪುಡಿ ಮಾಡಿಕೊಳ್ಳಿ, ತಿಂಗಳುಗಟ್ಟಲೆ ಡಬ್ಬಿಯಲ್ಲಿದ್ದ ಪುಡಿಗೆ ಬಣ್ಣ ಉಳಿದಿರುತ್ತದೆ, ಪರಿಮಳ ಇರುವುದಿಲ್ಲ.

ಇನ್ನೊಂದು ಸಂಗತಿ ಒಲೆಗೆ ಸೇರಿದ್ದಲ್ಲ. ಮಕ್ಕಳ ನಾಲಿಗೆ ದೊಡ್ಡವರದಕ್ಕಿಂತ ಹೆಚ್ಚು ಸಿಹಿಯನ್ನು, ಹೆಚ್ಚು ಉಪ್ಪನ್ನು ಬಯಸುತ್ತದೆ. ನೀವು ಅಂದು ಉಂಡದ್ದು ಆ ನಾಲಿಗೆಯಿಂದ. ಜೊತೆಗೆ ಆಟ ಆಡಿ ದಣಿದು, ಹೊಟ್ಟೆ ಚುರುಗುಟ್ಟುವಾಗ ಉಂಡದ್ದು. ಇವತ್ತು ಅಡುಗೆ ಮಾಡುತ್ತಾ ಮಾಡುತ್ತಾ ಹತ್ತು ಸಲ ರುಚಿ ನೋಡಿ, ಮೂಗಿಗೆ ಆ ವಾಸನೆ ಪೂರ್ತಿ ರೂಢಿಯಾದ ಮೇಲೆ ತಟ್ಟೆ ಮುಂದೆ ಕೂತರೆ ಎಲ್ಲವೂ ಮಂಕು. ಹಾಗಾಗಿ ಅಡುಗೆ ಮುಗಿಸಿ, ಮುಚ್ಚಿಟ್ಟು, ಹೊರಗೆ ಹೋಗಿ ಅರ್ಧ ಗಂಟೆ ನಡೆದು ಬನ್ನಿ. ಹಸಿದು, ತಾಜಾ ಮೂಗು ಹೊತ್ತು ಬಾಗಿಲು ತೆರೆಯಿರಿ. ಇದರಷ್ಟು ವ್ಯತ್ಯಾಸ ಮಾಡುವ ಮಸಾಲೆ ನನಗೆ ಗೊತ್ತಿಲ್ಲ. ಅಂದು ಬಟ್ಟಲು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದರೆ ಇವತ್ತೂ ಹಾಗೇ ಉಣ್ಣಿ. ಫೋನು ಬೇರೆ ಕೋಣೆಯಲ್ಲಿ ಇರಲಿ.

ಮಿಕ್ಕಿದ್ದು

ಇಂಥ ಅಡುಗೆ ಮರುದಿನ ಇನ್ನೂ ಚೆನ್ನ ಅನ್ನುವವರು ಸುಳ್ಳು ಹೇಳುವುದಿಲ್ಲ, ರಾತ್ರಿಯೆಲ್ಲ ಇದ್ದು ರುಚಿಗಳು ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಆದರೆ ಅನ್ನ ಇರುವ ಅಡುಗೆಯನ್ನು ಒಲೆಯ ಮೇಲೆಯೇ ರಾತ್ರಿಯಿಡೀ ಬಿಡಬೇಡಿ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಸಿದರೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಬಹಳ ಹೊತ್ತು ಇದ್ದರೆ ಅವು ಬೆಳೆದು ವಿಷ ಬಿಡುತ್ತವೆ, ಆಮೇಲೆ ಎಷ್ಟು ಬಿಸಿ ಮಾಡಿದರೂ ಆ ವಿಷ ಹೋಗದಿರಬಹುದು. ಅಗಲವಾದ ಪಾತ್ರೆಗೆ ಹರಡಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮರುದಿನವೇ ಮುಗಿಸಿ. ಫ್ರಿಜ್ಜಿನಲ್ಲಿ ಪಿಷ್ಟ ಬಿಗಿದು ಗಟ್ಟಿಯಾಗಿರುತ್ತದೆ, ಬಿಸಿನೀರು ಸೇರಿಸಿ ಮಧ್ಯದವರೆಗೂ ಹಬೆಯಾಡುವಂತೆ ಕಾಯಿಸಿದರೆ ಮತ್ತೆ ಸಡಿಲವಾಗುತ್ತದೆ.

ಬರೆದಿಡುವುದು

ರುಚಿ ಕೈಗೆ ಹತ್ತಿದ ದಿನವೇ ಬರೆಯಿರಿ, ನಾಳೆಗೆ ಬಿಡಬೇಡಿ. ಗ್ರಾಂ, ಮಿಲಿಲೀಟರ್, ನಿಮಿಷ ಎಲ್ಲ ಇರಲಿ. ಅದರ ಪಕ್ಕದಲ್ಲೇ ಕಣ್ಣು ಕಿವಿಯ ಗುರುತುಗಳೂ ಇರಲಿ: "ಹುಣಸೆಹಣ್ಣಿನ ಬಣ್ಣ", "ಸದ್ದು ಚಿಟಪಟ ಆದಾಗ ಉರಿ ಸಣ್ಣ". ಬೇರೆ ಒಲೆ, ಬೇರೆ ಪಾತ್ರೆಯಾದಾಗ ನಿಮಿಷ ಕೈಕೊಡುತ್ತದೆ, ಬಣ್ಣ ಕೈಕೊಡುವುದಿಲ್ಲ. ಯಾವ ಪಾತ್ರೆ, ಅದರ ಅಗಲ ಎಷ್ಟು, ಎಷ್ಟು ಜನಕ್ಕೆ ಆಗುತ್ತದೆ ಅನ್ನುವುದನ್ನು ಮರೆಯಬೇಡಿ. ಮಾಡಿ ಕಲಿಸಿದವರ ಹೆಸರು ಮೇಲೆಯೇ ಬರೆಯಿರಿ. ನಮ್ಮ ಪುಟದ ತಲೆಯಲ್ಲಿ "ದೊಡ್ಡಮ್ಮನದು" ಅಂತ ಇದೆ.

ಆಮೇಲೆ ಆ ಕಾಗದವನ್ನು ಅದೇ ಪಂಕ್ತಿಯಲ್ಲಿ ಉಂಡ ತಂಗಿಗೋ ಅಣ್ಣನಿಗೋ ಕೊಟ್ಟು, ನೀವು ಪಕ್ಕದಲ್ಲಿ ನಿಲ್ಲದೆ ಅವರೊಬ್ಬರೇ ಮಾಡಲಿ. ಎಲ್ಲಿ ತಡೆದರು, ಯಾವ ಸಾಲು ಓದಿ ನಿಮಗೆ ಫೋನು ಮಾಡಿದರು ಅಂತ ಗುರುತು ಹಾಕಿಕೊಂಡು, ಆ ಸಾಲನ್ನು ಬಿಡಿಸಿ ಬರೆಯಿರಿ. ನನ್ನ ತಂಗಿ ಫೋನು ಮಾಡಿ ಕೇಳಿದ್ದು ಈರುಳ್ಳಿಯ ಬಗ್ಗೆಯೇ: "ಇನ್ನೂ ಹುರೀಬೇಕಾ ಅಕ್ಕ, ಆಗ್ಲೇ ಕೆಂಪಾಗಿದೆಯಲ್ಲ?" ಆ ಜಾಗದಲ್ಲಿ ಈಗ "ಇನ್ನೂ ಹದಿನೈದು ನಿಮಿಷ ಇದೆ, ಇಳಿಸಬೇಡ" ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ.